ಮಾಮ ಅಲ್ಲ, ಅಮ್ಮ

ನ್ಯೂಯಾರ್ಕಿನ ಮಗಳ ಮನೆಗೆ ಹೋಗಿದ್ದಾಗ ಒಂದು ಸಂಜೆ ಅವಳು, "ನಡೀಯಮ್ಮ, ಲಾ ಮಾಮಾಗೆ ಹೋಗೋಣ" ಎಂದಳು. ಯಾರ ಮಾಮ ಇಲ್ಲಿ ಬಂದು ಕೂತಿದ್ದಾನಪ್ಪ ಎಂದುಕೊಂಡೆ. ನೋಡಿದರೆ ಈಸ್ಟ್ ನಾಲ್ಕನೇ ಬೀದಿಯ ನಾಟಕಶಾಲೆ! ಮಾಮಾ ಎಂದರೆ ಅವರಲ್ಲಿ ಅಮ್ಮ.

ಆ ಅಮ್ಮನ ಹೆಸರು ಎಲೆನ್ ಸ್ಟೂವರ್ಟ್. ಬಟ್ಟೆ ವಿನ್ಯಾಸ ಮಾಡಿ ಬದುಕಿದ್ದ ಕಪ್ಪು ಹೆಣ್ಣುಮಗಳು. ಸೋದರನಂತಿದ್ದ ಒಬ್ಬ ನಾಟಕಕಾರನಿಗಾಗಿ 1961ರಲ್ಲಿ ಒಂದು ನೆಲಮಾಳಿಗೆಯನ್ನು ಬಾಡಿಗೆಗೆ ಹಿಡಿದಳು. ಅಲ್ಲಿಗೆ ಬಿಳಿಯ ಗಂಡಸರು ಹೋಗಿಬರುವುದನ್ನು ಕಂಡ ನೆರೆಹೊರೆಯವರು ಕೆಟ್ಟ ದಂಧೆಯೆಂದು ದೂರು ಕೊಟ್ಟರು. ತಪಾಸಣೆಗೆ ಬಂದ ಆರೋಗ್ಯ ಇಲಾಖೆಯವನು ಪುಣ್ಯಕ್ಕೆ ಹಿಂದೆ ತಾನೂ ರಂಗವೇರಿದ್ದವನಂತೆ. ಹೋಟೆಲಿನ ಲೈಸೆನ್ಸ್ ತೆಗೆದುಕೊಂಡುಬಿಡು ಎಂದು ಅವನೇ ದಾರಿ ತೋರಿಸಿದ. ಹಾಗೆ ಹುಟ್ಟಿತು ಕೆಫೆ ಲಾ ಮಾಮಾ.

ಸಾಲಿನಲ್ಲಿ ನಿಂತು ಮಗಳು ಇದನ್ನೆಲ್ಲ ಹೇಳಿ ನಕ್ಕಳು. ನನಗೆ ನಗು ಬರಲಿಲ್ಲ. ಮೂವತ್ತು ವರ್ಷದ ಹಿಂದೆ ನಮ್ಮೂರ ಮಹಿಳಾ ಸಮಾಜದ ನಾಟಕದಲ್ಲಿ ನಾನು ಮೀಸೆ ಅಂಟಿಸಿಕೊಂಡು ಜಮೀನ್ದಾರನಾಗಿದ್ದೆ. ಅಭ್ಯಾಸ ಮುಗಿಸಿ ಮನೆ ಸೇರುವಾಗ ಎಂಟು ಗಂಟೆ. ಯಾರೋ ಅತ್ತೆಯವರ ಕಿವಿಗೆ ಏನೋ ಹಾಕಿದರು. ಅತ್ತೆ ಬೈಯಲಿಲ್ಲ, ಮಾತು ಬಿಟ್ಟರು. ನಾನು ನಾಟಕ ಬಿಟ್ಟೆ. ನಮ್ಮ ಬೀದಿಗೆ ಯಾವ ಆರೋಗ್ಯ ಇಲಾಖೆಯವನೂ ಬರಲಿಲ್ಲ ನೋಡಿ.

ಎಲೆನ್ ಬಿಡಲಿಲ್ಲ. ಪರದೇಶದವರಿಗೆಲ್ಲ ಬಾಗಿಲು ತೆರೆದಳು. ರುಮೇನಿಯಾದಿಂದ ಬಂದ ತರುಣ ಆಂದ್ರೇ ಶೆರ್ಬಾನ್ 1972ರಲ್ಲಿ 'ಮೀಡಿಯಾ' ನಾಟಕವನ್ನು ಹಳೆಯ ಗ್ರೀಕ್, ಲ್ಯಾಟಿನ್ ಭಾಷೆಗಳಲ್ಲೇ ಆಡಿಸಿದ. ಕೂತ ಜನಕ್ಕೆ ಮಾತು ತಿಳಿಯದು, ದನಿಯಿಂದಲೇ ಸಂಕಟ ತಿಳಿಯಬೇಕು. (ಮಂತ್ರದ ಅರ್ಥ ತಿಳಿಯದೆಯೂ ಕಣ್ಣೊರೆಸಿಕೊಳ್ಳುವ ನಮಗೆ ಇದೇನು ಹೊಸದಲ್ಲ.) 1979ರಲ್ಲಿ ಪೋಲೆಂಡಿನ ಕಾಂಟೋರ್ ತನ್ನ ತಂಡ ಕಟ್ಟಿಕೊಂಡು ಬಂದ. ಅವನ 'ಸತ್ತ ತರಗತಿ' ನಾಟಕದಲ್ಲಿ ಮುದುಕ ಮುದುಕಿಯರು ತಮ್ಮದೇ ಬಾಲ್ಯದ ಬೊಂಬೆಗಳನ್ನು ಹೊತ್ತು ಶಾಲೆಯ ಬೆಂಚಿಗೆ ಮರಳುತ್ತಾರೆ. ನೋಡಿದವಳಲ್ಲ ನಾನು, ಕೇಳಿಯೇ ಮೈ ಜುಮ್ಮೆಂದಿತು.

1985ರಲ್ಲಿ ದೊಡ್ಡದೊಂದು ಪುರಸ್ಕಾರದ ಹಣ ಸಿಕ್ಕಾಗ ಎಲೆನ್ ಇಟಲಿಯಲ್ಲಿ ಹಳೆಯ ಮಠವೊಂದನ್ನು ಕೊಂಡು ಕಲಾವಿದರಿಗೆ ಬಿಟ್ಟಳು. ಆಟಕ್ಕೆ ಮೊದಲು ತಾನೇ ಗಂಟೆ ಬಾರಿಸಿ ಜನರನ್ನು ಸ್ವಾಗತಿಸುತ್ತಿದ್ದಳಂತೆ. 2011ರಲ್ಲಿ ತೀರಿಕೊಂಡಳು.

ಅಂದಿನ ನಾಟಕ ನನಗೆ ಅರ್ಧ ಅರ್ಥವಾಯಿತು, ಅರ್ಧ ನಿದ್ದೆ. ಆದರೆ ಊರಿಗೆ ಬಂದವಳೇ ಟ್ರಂಕು ತೆಗೆದೆ. ಮೀಸೆಯನ್ನು ಹುಳ ತಿಂದಿತ್ತು. ಈ ಸಲ ರಾಜ್ಯೋತ್ಸವಕ್ಕೆ ಸಮಾಜದವರು ನಾಟಕ ಆಡುತ್ತಾರಂತೆ, ಅಭ್ಯಾಸ ಸಂಜೆ ಏಳಕ್ಕೆ. ರಾತ್ರಿಯ ಸಾರು ಮಧ್ಯಾಹ್ನವೇ ಮಾಡಿಡುತ್ತೇನೆ, ಬಿಸಿ ಮಾಡಿಕೊಳ್ಳಿ ಎಂದು ಇವರಿಗೆ ಹೇಳಿದ್ದೇನೆ.