ಇಬ್ಬರ ಬಿಡುವು

ಗೃಹಸ್ಥಾಶ್ರಮದಲ್ಲಿ ಎಲ್ಲದಕ್ಕೂ ಹೊತ್ತು ದೊರೆಯುತ್ತದೆ; ಗಂಡಹೆಂಡಿರು ಜೊತೆಯಾಗಿ ಸುಮ್ಮನೆ ಎಲ್ಲಿಗಾದರೂ ಹೋಗಿ ಬರುವುದಕ್ಕೆ ಮಾತ್ರ ದೊರೆಯುವುದಿಲ್ಲ. ನಮ್ಮ ಕಾಸರಗೋಡಿನ ಹಳ್ಳಿಗಳ ದಂಪತಿಗಳು ಕೂಡಿ ಮನೆಯಿಂದ ಹೊರಬೀಳುವ ಸಂದರ್ಭಗಳನ್ನು ಎಣಿಸಿದರೆ ಮದುವೆ, ಗೃಹಪ್ರವೇಶ, ಉತ್ತರಕ್ರಿಯೆ, ಆಸ್ಪತ್ರೆ - ಇಷ್ಟರಲ್ಲೇ ಮುಗಿಯುತ್ತದೆ. ಇವುಗಳಲ್ಲಿ ಯಾವುದೂ ಇಲ್ಲದೆ ಇಬ್ಬರೂ ಮಡಿಸಿದ ಬಟ್ಟೆಯುಟ್ಟು ಬಸ್ಸಿಗೆ ಕಾದು ನಿಂತರೆ, ಕಂಡವರು ತಪ್ಪದೆ ಕೇಳುತ್ತಾರೆ: “ಎಲ್ಲಿಗೆ ಸವಾರಿ? ಏನು ವಿಶೇಷ?” ವಿಶೇಷವೇನೂ ಇಲ್ಲವೆಂದರೆ ಅವರು ನಂಬುವುದಿಲ್ಲ. ಹೇಳಲಾರದ ಕಾರ್ಯವೇ ಇರಬೇಕೆಂದು ಊಹಿಸಿ, ಸಂಜೆಯೊಳಗೆ ಅದಕ್ಕೊಂದು ಕಥೆಯನ್ನೂ ಕಟ್ಟಿರುತ್ತಾರೆ.

ಇಂಥ ವಿಶೇಷವಿಲ್ಲದ ಸವಾರಿಗಳ ಪರವಾಗಿ ನಾಲ್ಕು ಮಾತು ಬರೆಯಬೇಕೆಂಬುದು ಬಹುದಿನದ ಅಪೇಕ್ಷೆ. ನಾನು ಹಳ್ಳಿಶಾಲೆಯ ಮುಖ್ಯೋಪಾಧ್ಯಾಯ. ನಿವೃತ್ತಿಗೆ ಇನ್ನೊಂದು ವರ್ಷವಿದೆ. ಮನೆ ಪೆರ್ಲದ ಸಮೀಪ. ಒಂದಿಷ್ಟು ಅಡಕೆತೋಟ, ಒಂದೆರಡು ದನ. ಮನೆಮಾತು ತುಳು, ಓದುಬರಹದ ಮಾತು ಕನ್ನಡ, ಕಚೇರಿ ಪೇಟೆಗಳ ಮಾತು ಮಲೆಯಾಳ. ಓದುಗರಲ್ಲಿ ಅನೇಕರ ಮನೆಯ ಲೆಕ್ಕವೂ ಹೀಗೆಯೇ ಇದ್ದೀತು.

ಮಾಯಿಪ್ಪಾಡಿಯಲ್ಲಿ ಶಿಕ್ಷಕ ತರಬೇತಿ ಪಡೆಯುತ್ತಿದ್ದಾಗ ನಮಗೆ ಒಂದು ಸೂತ್ರವನ್ನು ಕಂಠಪಾಠ ಮಾಡಿಸಿದ್ದರು: ತಿಳಿದುದರಿಂದ ತಿಳಿಯದುದರ ಕಡೆಗೆ, ಹತ್ತಿರದಿಂದ ದೂರದ ಕಡೆಗೆ ಸಾಗಬೇಕು. ಆ ಸೂತ್ರವು ತರಗತಿಗಿಂತ ಹೆಚ್ಚಾಗಿ ಸಂಸಾರದಲ್ಲಿ ನನಗೆ ಒದಗಿತೆಂದರೆ ಅತಿಶಯೋಕ್ತಿಯಾಗದು.

ನಮ್ಮ ಮದುವೆಯಾದುದು 1996ರಲ್ಲಿ. ನನ್ನಾಕೆಯ ತವರು ವಿಟ್ಲದ ಕಡೆ. ನಮ್ಮಲ್ಲಿಂದ ಅಲ್ಲಿಗೆ ಸುಮಾರು 20 ಕಿಲೋಮೀಟರು. ನಡುವೆ ರಾಜ್ಯದ ಗಡಿ. 1956ರ ನವೆಂಬರ 1ರವರೆಗೆ ಎರಡೂ ಊರುಗಳು ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ನಮ್ಮ ಹಿರಿಯರು ಗಡಿ ದಾಟುತ್ತಿದ್ದೇವೆಂಬ ಭಾವನೆಯಿಲ್ಲದೆಯೇ ಹೆಣ್ಣು ಕೊಟ್ಟು ತಂದವರು. ಆದರೆ 1996ರಲ್ಲಿ ಬಂದ ಸೊಸೆಗೆ ಬಸ್ಸಿನ ಫಲಕವನ್ನು ಓದಲೂ ಅಕ್ಷರ ತಿಳಿಯದು. ತವರಿನಲ್ಲಿ ಪಿಯುಸಿ ಓದಿ ಊರವರ ಅರ್ಜಿಗಳನ್ನು ಬರೆದುಕೊಡುತ್ತಿದ್ದವಳು, ಇಲ್ಲಿ ಬಸ್ಸು ಯಾವುದೆಂದು ಶಾಲಾ ಮಕ್ಕಳನ್ನು ಕೇಳಬೇಕಾಯಿತು. ಅವಳಿಗೆ ಇದು ಎಷ್ಟು ಚುಚ್ಚುತ್ತಿತ್ತೆಂಬುದು ಮಾತಿನಲ್ಲಿ ಹೇಳದಿದ್ದರೂ ಮುಖದಲ್ಲಿ ತಿಳಿಯುತ್ತಿತ್ತು.

ತಿಂಗಳಿಗೊಂದು ಆದಿತ್ಯವಾರ ಹೊರಗೆ ಹೋಗಿ ಬನ್ನಿರೆಂದು ಹೇಳಿದವರು ನನ್ನ ತಾಯಿ. “ದನಕ್ಕೆ ಹುಲ್ಲು ನಾನು ಹಾಕಿಯೇನು. ಕೈಗಂಟು ಹಿಡಿದಿದೆ, ಹಾಲು ಕರೆಯಲು ಆಗದು. ಕರೆಯುವ ಹೊತ್ತಿಗೆ ಬಂದು ಸೇರಿದರೆ ಸಾಕು” ಎಂಬುದು ಅವರ ಕಟ್ಟಳೆ. ಹೀಗಾಗಿ ನಮ್ಮ ವಿಹಾರಗಳ ಎಲ್ಲೆಯನ್ನು ನಿರ್ಣಯಿಸಿದುದು ನಮ್ಮ ಕೆಂಪು ದನ. ಬೆಳಗ್ಗಿನ ಹಾಲು ಸೊಸೈಟಿಗೆ ಸೇರಿದ ಮೇಲೆ ಹೊರಟು, ಸಂಜೆ ಐದೂವರೆಯೊಳಗೆ ಹಟ್ಟಿಯ ಬಾಗಿಲಲ್ಲಿರಬೇಕು. ಆ ಒಂಬತ್ತು ಗಂಟೆಗಳಲ್ಲಿ ಬಸ್ಸಿನಲ್ಲಿ ಹೋಗಿ ಬರಬಹುದಾದಷ್ಟೇ ನಮ್ಮ ಪ್ರಪಂಚ. ಅದು ಚಿಕ್ಕದೇನೂ ಆಗಿರಲಿಲ್ಲ.

ಮೊದಲ ಕೆಲವು ಸವಾರಿಗಳಲ್ಲಿ ಬಸ್ಸು ನಿಲ್ದಾಣವೇ ನಮ್ಮ ಪಾಠಶಾಲೆಯಾಯಿತು. ಬದಿಯಡ್ಕ, ಕುಂಬಳೆ, ಕಾಸರಗೋಡು, ಮುಳ್ಳೇರಿಯ - ಊರುಗಳ ಹೆಸರು ಅವಳಿಗೆ ಗೊತ್ತು, ಅಕ್ಷರ ಗೊತ್ತಿಲ್ಲ. ತಿಳಿದ ಹೆಸರಿನಿಂದ ತಿಳಿಯದ ಅಕ್ಷರಕ್ಕೆ ಹೋಗುವುದು ಬಹು ಸುಲಭ. ‘ಕಾಸರಗೋಡ್’ ಎಂಬ ಫಲಕದಿಂದ ‘ಕ’ ದೊರೆತರೆ, ‘ಕುಂಬಳ’ದಲ್ಲಿ ಅದೇ ‘ಕ’ವು ಕೊಂಬು ಕಟ್ಟಿಕೊಂಡು ನಿಂತಿರುತ್ತದೆ. ನಾವು ಹೊಸದುರ್ಗವೆನ್ನುವ ಪೇಟೆಗೆ ಹೋಗುವ ಬಸ್ಸಿನಲ್ಲಿ ‘ಕಾಞಂಗಾಡ್’ ಎಂದಿರುವುದೇಕೆಂದು ಅವಳು ಕೇಳಿದಾಗ, ಒಂದು ಊರಿಗೆ ಎರಡು ಹೆಸರಿರುವ ಕಥೆಯನ್ನು ದಾರಿಯುದ್ದಕ್ಕೂ ಹೇಳಿದೆ. ವರ್ಷ ತುಂಬುವುದರೊಳಗೆ ಅವಳು ಮಲೆಯಾಳ ಪತ್ರಿಕೆಯ ತಲೆಬರಹಗಳನ್ನು ಓದತೊಡಗಿದಳು. ಮುಂದೆ ರೇಶನ್ ಕಾರ್ಡಿನ ಅರ್ಜಿ, ಮಗುವಿನ ಚುಚ್ಚುಮದ್ದಿನ ಪುಸ್ತಕ, ಪಂಚಾಯತಿನ ನೋಟೀಸು ಯಾವುದು ಬಂದರೂ ಇನ್ನೊಬ್ಬರ ಬಾಗಿಲಿಗೆ ಹೋಗಲಿಲ್ಲ. ಕನ್ನಡದಲ್ಲಿ ಅರ್ಜಿ ಬೇಕೆಂದು ಕೇಳುವ ಹಕ್ಕನ್ನೂ ಬಿಡಲಿಲ್ಲ; ಎರಡು ಅಕ್ಷರಮಾಲೆಗಳನ್ನೂ ಬಲ್ಲವಳಾದುದರಿಂದ ಆ ಹಕ್ಕನ್ನು ಅಳುಕದೆ ಕೇಳುತ್ತಿದ್ದಳು.

ಬೇಕಲದ ಕೋಟೆಗೆ ಹೋದುದು 1997ರಲ್ಲಿ. ಹದಿನೇಳನೆಯ ಶತಮಾನದಲ್ಲಿ ಕೆಳದಿಯ ಶಿವಪ್ಪ ನಾಯಕನು ಕಟ್ಟಿಸಿದನೆಂದು ಪ್ರಸಿದ್ಧವಾದ ಕೋಟೆಯದು. ಅನಂತರ ಹೈದರ, ಟಿಪ್ಪು, 1799ರ ಮೇಲೆ ಇಂಗ್ಲಿಷರು - ಹೀಗೆ ಕೈ ಬದಲಾಯಿಸಿತು. ಆಗಿನ್ನೂ 1995ರ ‘ಬಾಂಬೆ’ ಚಲನಚಿತ್ರದ ಹಾಡೊಂದನ್ನು ಅಲ್ಲಿ ಚಿತ್ರಿಸಿದ್ದ ಸುದ್ದಿ ಬಿಸಿಯಾಗಿತ್ತು. ಹರೆಯದವರೆಲ್ಲ ನಾಯಕ ನಿಂತ ಜಾಗವನ್ನು ಹುಡುಕುತ್ತಿದ್ದರು. ನಾನು ಅಧ್ಯಾಪಕನ ಸ್ವಭಾವಕ್ಕೆ ತಕ್ಕಂತೆ ಬುರುಜು, ಬಂದೂಕಿನ ಕಿಂಡಿಗಳು, ಮೆಟ್ಟಿಲಿಳಿಯುವ ಕೆರೆ, ಎತ್ತರದ ವೀಕ್ಷಣ ಗೋಪುರ ಇವುಗಳನ್ನು ಒಂದೊಂದಾಗಿ ವಿವರಿಸಿದೆ. ಎಲ್ಲವನ್ನೂ ಕೇಳಿ ಅವಳು ಒಂದೇ ಪ್ರಶ್ನೆ ಹಾಕಿದಳು: “ಇಷ್ಟು ಜನ ಸಿಪಾಯಿಗಳಿಗೆ ಅಡಿಗೆ ಮಾಡುತ್ತಿದ್ದವರು ಎಲ್ಲಿದ್ದರು? ಅಕ್ಕಿ ಎಲ್ಲಿಂದ ಬರುತ್ತಿತ್ತು?” ನನ್ನ ಪಾಠಪುಸ್ತಕಗಳಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಮರುದಿನವೇ ಆ ಪ್ರಶ್ನೆಯನ್ನು ಏಳನೆಯ ತರಗತಿಯ ಮಕ್ಕಳ ಮುಂದಿಟ್ಟೆ. ಗಂಟೆ ಬಾರಿಸಿದರೂ ಚರ್ಚೆ ನಿಲ್ಲಲಿಲ್ಲ. ಅಂದಿನಿಂದ ಇತಿಹಾಸ ಪಾಠದಲ್ಲಿ ಯಾವ ಕೋಟೆ ಬಂದರೂ ಅಡಿಗೆಮನೆಯ ಮಾತು ಬಂದೇ ಬರುತ್ತದೆ.

ಮಂಜೇಶ್ವರದಲ್ಲಿ ರಾಷ್ಟ್ರಕವಿ ಗೋವಿಂದ ಪೈಗಳ ಮನೆಯನ್ನು ನೋಡಿದಾಗಲೂ ಹೀಗೆಯೇ ಆಯಿತು. ಇಂದು ಅದು ‘ಗಿಳಿವಿಂಡು’ ಎಂಬ ಹೆಸರಿನ ಸ್ಮಾರಕ. ಕ್ರಿಸ್ತನ ಕೊನೆಯ ದಿನವನ್ನು ‘ಗೊಲ್ಗೊಥಾ’ದಲ್ಲಿ, ಬುದ್ಧನ ಕೊನೆಯ ದಿನವನ್ನು ‘ವೈಶಾಖಿ’ಯಲ್ಲಿ ಹಾಡಿದ ಕವಿ ಈ ಕಡಲತಡಿಯ ಊರಿನವರೆಂದು ಹೇಳುತ್ತಿದ್ದೆ. ಅವಳು ಹೊರಗಿನ ತೆಂಗಿನ ಮರಗಳನ್ನು ನೋಡುತ್ತ, “ಇಲ್ಲಿಂದಲೇ ಅಷ್ಟು ದೂರ ಕಂಡಿತೆ?” ಎಂದಳು. ಹಲವು ಭಾಷೆಗಳನ್ನು ಕಲಿತ ಕವಿಗೆ ಇದಕ್ಕಿಂತ ಸರಳವಾದ ಮೆಚ್ಚುಗೆ ಬೇರೆ ಇರಲಾರದು.

ಅನಂತಪುರದ ಕೆರೆಯ ದೇವಾಲಯಕ್ಕೆ ನಾವು ವರ್ಷಕ್ಕೊಮ್ಮೆಯಾದರೂ ಹೋಗುತ್ತೇವೆ. ಅಲ್ಲಿ ನೈವೇದ್ಯದ ಅನ್ನವುಣ್ಣುತ್ತಿದ್ದ ಬಬಿಯ ಎಂಬ ಮೊಸಳೆಯನ್ನು ಕಾಣಲು ನಮ್ಮ ಮಕ್ಕಳು ಗಂಟೆಗಟ್ಟಲೆ ದಂಡೆಯಲ್ಲಿ ಕುಳಿತುದುಂಟು. 2022ರ ಅಕ್ಟೋಬರದಲ್ಲಿ ಅದು ತೀರಿಕೊಂಡಾಗ ಮಗಳು ಮೈಸೂರಿನಿಂದ ಕರೆ ಮಾಡಿ ಅತ್ತಳು. ಮರುವರ್ಷ ಅದೇ ಕೆರೆಯಲ್ಲಿ ಇನ್ನೊಂದು ಮೊಸಳೆ ಕಾಣಿಸಿತೆಂಬ ವಾರ್ತೆಯನ್ನು ಅವಳಿಗೆ ಮೊದಲು ತಿಳಿಸಿದವಳು ತಾಯಿಯೇ.

ಹಗಲಿನ ಸವಾರಿಗಳಿಗೆ ದನದ ಕಟ್ಟಳೆಯಿದ್ದರೆ, ರಾತ್ರಿಯ ಸವಾರಿಗಳಿಗೆ ಪತ್ತನಾಜೆಯ ಕಟ್ಟಳೆ. ದೀಪಾವಳಿಯ ಬಳಿಕ ಹೊರಟ ಮೇಳಗಳು ಪತ್ತನಾಜೆಗೆ ಗೆಜ್ಜೆ ಬಿಚ್ಚುವವರೆಗೆ ನಮ್ಮ ಸೀಮೆಯಲ್ಲಿ ಆಟಗಳಿಗೆ ಬರವಿಲ್ಲ. ಮಳೆಗಾಲಕ್ಕೆ ತಾಳಮದ್ದಳೆಯ ಕೂಟಗಳಿವೆ. ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಹುಟ್ಟಿ ಅದನ್ನು ಸವಿಯದಿದ್ದರೆ ಹೇಗೆ? ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯ ಅರ್ಥವನ್ನು ನಾವಿಬ್ಬರೂ ಕೇಳಿದ್ದೇವೆ. 2006ರಲ್ಲಿ ಅವರು ಕಣ್ಮರೆಯಾದರೂ ಆ ಧ್ವನಿ ಇನ್ನೂ ಕಿವಿಯಲ್ಲಿದೆ. ಕೂಟ ಮುಗಿದು ಟಾರ್ಚಿನ ಬೆಳಕಿನಲ್ಲಿ ಕಟ್ಟಪುಣಿಯ ಮೇಲೆ ಮನೆಗೆ ನಡೆಯುವಾಗ ನಮ್ಮ ಎರಡನೆಯ ಕೂಟ ಆರಂಭವಾಗುತ್ತಿತ್ತು. ರಾಮನು ಮರೆಯಲ್ಲಿ ನಿಂತು ಬಾಣ ಬಿಟ್ಟುದು ಸರಿಯೇ ಎಂದು ನಾನು ಪೂರ್ವಪಕ್ಷ ಹೂಡಿದರೆ, ಅವಳು ಪ್ರಶ್ನೆಯನ್ನೇ ಬದಲಾಯಿಸುವಳು: “ಹೋಗಬೇಡವೆಂದು ತಾರೆ ಹೇಳಿದಾಗಲೇ ವಾಲಿ ಕೇಳಿದ್ದರೆ ಬಾಣದ ಮಾತೇ ಬರುತ್ತಿರಲಿಲ್ಲ.” ಮನೆಯ ಮೆಟ್ಟಿಲು ಹತ್ತುವವರೆಗೂ ಇದಕ್ಕೆ ನನ್ನಲ್ಲಿ ತಕ್ಕ ಅರ್ಥವಿರುತ್ತಿರಲಿಲ್ಲ. ಹಗಲಿಡೀ ನಮ್ಮ ಮಾತು ಉಪ್ಪು, ಮೆಣಸು, ಗೊಬ್ಬರ, ಫೀಸುಗಳಲ್ಲೇ ಕಳೆಯುತ್ತದೆ. ಇಂಥ ರಾತ್ರಿಗಳಲ್ಲಿ ಮಾತ್ರ ಅವಳ ವಿಚಾರಗಳು ಎಷ್ಟು ಆಳವೆಂಬುದು ನನಗೆ ತಿಳಿಯುತ್ತಿತ್ತು.

ಔತಣಗಳಿಗೂ ನಮ್ಮಲ್ಲಿ ಕೊರತೆಯಿಲ್ಲ. ಶಾಲೆಯ ಓಣಂ ಊಟಕ್ಕೆ ಅಧ್ಯಾಪಕರೆಲ್ಲ ಮನೆಯವರೊಡನೆ ಬರುತ್ತಾರೆ. ನೆರೆಯ ಬ್ಯಾರಿ ಕುಟುಂಬದವರು ಪೆರ್ನಾಳಿಗೆ ಕರೆಯುತ್ತಾರೆ. ಬಿಸುವಿನ ಪಾಯಸಕ್ಕೆ ಅವರು ನಮ್ಮಲ್ಲಿಗೆ ಬರುತ್ತಾರೆ. ಒಂದೇ ಪಂಕ್ತಿಯಲ್ಲಿ ನಾಲ್ಕು ಭಾಷೆಗಳು ಕೇಳಿಬಂದರೂ ಸಾರು ಬೇಡುವುದಕ್ಕೆ ಯಾರಿಗೂ ದುಭಾಷಿಯ ಅಗತ್ಯ ಬಿದ್ದುದಿಲ್ಲ.

ನಮ್ಮ ಸಾಹಸಗಳಲ್ಲಿ ಹಿರಿದಾದುದು ಪೊಸಡಿ ಗುಂಪೆಯ ಆರೋಹಣ. ಗುಡ್ಡೆಯ ನೆತ್ತಿಯಲ್ಲಿ ನಿಂತರೆ ಪಡುವಣಕ್ಕೆ ಸಮುದ್ರ, ಮೂಡಣಕ್ಕೆ ಘಟ್ಟದ ಸಾಲು. ಬಂದವರೆಲ್ಲ ಸಮುದ್ರದ ಕಡೆ ಮುಖ ಮಾಡಿ ಕುಳಿತರೆ, ನನ್ನಾಕೆ ಮೂಡಣಕ್ಕೆ ತಿರುಗಿ ತವರಿನ ಗುಡ್ಡಗಳನ್ನು ಗುರುತಿಸಲು ಹೆಣಗುತ್ತಿದ್ದಳು. ಅವಲಕ್ಕಿಯ ಪೊಟ್ಟಣ ಬಿಚ್ಚುವಾಗಲೂ ದೃಷ್ಟಿ ಅತ್ತಲೇ.

ಈ ನೋಟದ ಬೆಲೆ ತಿಳಿದುದು 2020ರಲ್ಲಿ. ಆ ವರ್ಷದ ಮಾರ್ಚ್ ಕೊನೆಯಲ್ಲಿ ಮಹಾಮಾರಿಯ ಕಾರಣದಿಂದ ದೇಶವೇ ಬಾಗಿಲು ಹಾಕಿತು. ಗಡಿಯ ರಸ್ತೆಗಳಿಗೆ ಮಣ್ಣಿನ ರಾಶಿ ಬಿತ್ತು. ಬಾಲ್ಯದಿಂದ ಕಂಡ 20 ಕಿಲೋಮೀಟರು ಒಂದೇ ರಾತ್ರಿಯಲ್ಲಿ ಪರದೇಶದಷ್ಟು ದೂರವಾಯಿತು. ಅದೇ ವೇಳೆಗೆ ಎಂಬತ್ತು ದಾಟಿದ ನನ್ನ ಅತ್ತೆಯವರು ಜಾರಿಬಿದ್ದು ಹಾಸಿಗೆ ಹಿಡಿದರು. ಮಗಳು ಹೋಗುವಂತಿಲ್ಲ. ಮನೆಯೊಳಗೆ ಫೋನಿನ ಸಂಪರ್ಕವೂ ಸರಿಯಿಲ್ಲ. ಹಿತ್ತಲಿನ ಗುಡ್ಡೆಯ ಮೇಲೆ ಮಾತ್ರ ಮಾತು ಸ್ಪಷ್ಟ.

ಪ್ರತಿ ಸಂಜೆ ಹಾಲು ಕರೆದ ಮೇಲೆ ನಾವಿಬ್ಬರೂ ಆ ಗುಡ್ಡೆ ಹತ್ತತೊಡಗಿದೆವು. ಅವಳು ಮೂಡಣಕ್ಕೆ ಮುಖ ಮಾಡಿ ಮಾತನಾಡುವಳು. ಬದಿಯ ಮುರಕಲ್ಲಿನ ಮೇಲೆ ನಾನು ಸುಮ್ಮನೆ ಕುಳಿತಿರುವೆನು. ಅತ್ತೆಯವರ ಕಿವಿ ಮಂದ. ಅವಳ ಮಾತು ಇಡೀ ಗುಡ್ಡೆಗೆ ಕೇಳುತ್ತಿತ್ತು. ಕೆಲವು ದಿನ ಆ ಕಡೆಯಿಂದ ಉತ್ತರ ಬಾರದು. ಆಗ ಅವಳು ಚಿಕ್ಕಂದಿನ ಸಂಗತಿಗಳನ್ನು ಒಂದಾದ ಮೇಲೊಂದಾಗಿ ಹೇಳುತ್ತ ಹೋಗುವಳು. ಹಿಂದಿರುಗುವಾಗ ಅಳುವೂ ಇರುತ್ತಿತ್ತು, ಮೌನವೂ ಇರುತ್ತಿತ್ತು. ಇಪ್ಪತ್ತನಾಲ್ಕು ವರ್ಷಗಳ ಕಾಲ ಜೊತೆಯಾಗಿ ನಡೆದು ಅಭ್ಯಾಸವಿದ್ದುದರಿಂದ, ಆಗ ಯಾವ ಮಾತನ್ನು ಆಡಬಾರದೆಂಬುದು ನನಗೆ ಗೊತ್ತಿತ್ತು. ದಾರಿ ತೆರೆದ ಮೇಲೆ ಹೋಗಿ ನೋಡಿದಾಗ ಅತ್ತೆಯವರು ಗೋಡೆ ಹಿಡಿದು ನಡೆಯುವಷ್ಟಾಗಿದ್ದರು. ಮತ್ತೆರಡು ವರ್ಷ ಬದುಕಿದ್ದು, ಮಗಳ ಕೈಯಿಂದಲೇ ಗಂಜಿ ಕುಡಿದು ತೀರಿಕೊಂಡರು.

ಈಗ ಮಗಳು ಮೈಸೂರಿನಲ್ಲಿ, ಮಗ ಬೆಂಗಳೂರಿನಲ್ಲಿ. ನನ್ನ ತಾಯಿಯೂ ಇಲ್ಲ. ಗಡಿಯ ಈಚೆಗಿನ ನಮ್ಮ ಮನೆಗಳಲ್ಲಿ ಓದಿದ ಮಕ್ಕಳು ಹೊರಗೆ ಹೋಗುವುದು, ಹಿರಿಯರಿಬ್ಬರು ಉಳಿಯುವುದು ಸಾಮಾನ್ಯವಾಗಿದೆ. ನನ್ನ ಓರಗೆಯ ಕೆಲವರ ಮನೆಗೆ ಹೋದಾಗ, ಯಜಮಾನರು ಜಗಲಿಯಲ್ಲಿ ಪತ್ರಿಕೆಯೊಡನೆಯೂ ಮನೆಯಾಕೆ ಒಳಗೆ ಟಿ.ವಿ.ಯೊಡನೆಯೂ ಇರುವುದನ್ನು ಕಾಣುತ್ತೇನೆ. ಅವರಲ್ಲಿ ಜಗಳವಿಲ್ಲ, ಆಡುವುದಕ್ಕೆ ಮಾತೂ ಇಲ್ಲ. ಮಾತಿಲ್ಲದ ಮನೆಯಲ್ಲಿ ಭಾಷೆಯಾದರೂ ಎಷ್ಟು ದಿನ ಉಳಿದೀತು? ಶಾಲೆ, ಪತ್ರಿಕೆ, ಸಂಘಗಳಿಂದ ಕನ್ನಡವನ್ನು ಉಳಿಸಬೇಕೆಂದು ನಾವು ಸಭೆಗಳಲ್ಲಿ ಹೇಳುತ್ತೇವೆ, ಅದು ಆಗಬೇಕಾದುದೇ. ಆದರೆ ಊರಿನ ಹೆಸರು, ಹಿರಿಯರ ಕಥೆ, ಪ್ರಸಂಗದ ಚರ್ಚೆ ಇವೆಲ್ಲ ಮೊದಲು ಬೇರೂರುವುದು ಇಬ್ಬರು ಕೂಡಿ ನಡೆಯುವ ದಾರಿಯಲ್ಲಿ.

ಆದುದರಿಂದ ಕಿರಿಯ ದಂಪತಿಗಳಿಗೆ ನನ್ನ ಬಿನ್ನಹವಿಷ್ಟೆ. ಹಣ ಕೂಡಲಿ, ಮಕ್ಕಳು ದೊಡ್ಡವರಾಗಲಿ ಎಂದು ಕಾಯಬೇಡಿ. ತಿಂಗಳಿಗೊಂದು ದಿನವನ್ನು ಗೊತ್ತುಮಾಡಿ. ಹತ್ತಿರದ ಊರಿನಿಂದ ಆರಂಭಿಸಿ. ಬುತ್ತಿ ಕಟ್ಟಿಕೊಂಡು ಹೋದರೆ ಖರ್ಚು ಬಸ್ಸಿನ ಟಿಕೇಟಿನಷ್ಟೆ. ಎಲ್ಲಿಗೆ ಹೋಗಬೇಕೆಂಬುದನ್ನು ಒಂದು ಸಲ ಅವರು, ಒಂದು ಸಲ ಇವರು ನಿಶ್ಚಯಿಸಲಿ. ಮನೆಯಲ್ಲಿ ಹಿರಿಯರಿದ್ದರೆ ಅವರಿಗೆ ಹೇಳಿ ಹೊರಡಿ. ಹಿಂದಿರುಗಿದ ಮೇಲೆ ಕಂಡುದನ್ನು ಅವರಿಗೆ ವರ್ಣಿಸಿ. ಕೇಳುವ ಸಂತೋಷ ನೋಡುವ ಸಂತೋಷಕ್ಕಿಂತ ಕಡಿಮೆಯದಲ್ಲವೆಂಬುದನ್ನು ನನ್ನ ತಾಯಿಯ ಮುಖದಲ್ಲಿ ಕಂಡಿದ್ದೇನೆ.

ಮುಂದಿನ ಸವಾರಿಯನ್ನು ನಿಶ್ಚಯಿಸುವ ಸರದಿ ನನ್ನಾಕೆಯದು. ಮಧೂರಿನಲ್ಲಿ ಅಪ್ಪದ ಪ್ರಸಾದ ಪಡೆದು, ಮಧುವಾಹಿನಿಯ ದಂಡೆಯಲ್ಲಿ ಸ್ವಲ್ಪ ಹೊತ್ತು ಕುಳಿತು ಬರುವುದೆಂದು ತೀರ್ಮಾನವಾಗಿದೆ. ಹಾಲು ಕರೆಯುವ ಹೊತ್ತಿಗೆ ಹಿಂದಿರುಗಲೇಬೇಕು. ಕೆಂಪು ದನದ ಮೊಮ್ಮಗಳು ಹಟ್ಟಿಯಲ್ಲಿದ್ದಾಳೆ, ಅಜ್ಜಿಗಿಂತ ಹೆಚ್ಚು ಹಟಮಾರಿ.