ಕಿಸೆಯಲ್ಲಿ ಕಾಸಿಲ್ಲದೆ ಮಾಣಿಕನಗರಕ್ಕೆ

ಕಲಬುರಗಿಯಿಂದ ಹೊರಟು ಕಮಲಾಪುರ ದಾಟುವಷ್ಟರಲ್ಲಿ ನನ್ನ ಜೊತೆಗಾರನ ಹಿಮ್ಮಡಿಯ ಬೊಬ್ಬೆ ಒಡೆದು ಚಪ್ಪಲಿಗೆ ರಕ್ತ ಮೆತ್ತಿತ್ತು. ಇಬ್ಬರ ಹತ್ತಿರವೂ ಒಂದು ರೂಪಾಯಿ ಇಲ್ಲ, ಫೋನೂ ಇಲ್ಲ. ಜೆಸ್ವಿತರ ಯೇಸು ಸಭೆ ಸೇರಿದ ಹೊಸಬರನ್ನು ಹೀಗೆ ಬರಿಗೈಯಲ್ಲಿ ಕಳಿಸಬೇಕೆಂಬುದು ಸಂತ ಇಗ್ನೇಷಿಯಸ್ ಲೊಯೋಲಾ ಬರೆದಿಟ್ಟ ನಿಯಮ. ಒಂದು ತಿಂಗಳು ಧ್ಯಾನ, ಒಂದು ತಿಂಗಳು ಆಸ್ಪತ್ರೆ ಸೇವೆ, ಒಂದು ತಿಂಗಳು ದುಡ್ಡಿಲ್ಲದೆ ನಡಿಗೆ, ಬೇಡಿಯೇ ತಿನ್ನಬೇಕು. ನಮ್ಮ ಕಾಲಕ್ಕೆ ನಡಿಗೆಯ ದಿನಗಳು ಕಡಿಮೆಯಾಗಿದ್ದವು, ಬಿಸಿಲು ಕಡಿಮೆಯಾಗಿರಲಿಲ್ಲ.

ಪುಸ್ತಕದಲ್ಲಿ ಓದುವಾಗ ಎಲ್ಲ ಚೆಂದ. 1521ರಲ್ಲಿ ಪಾಂಪ್ಲೋನಾ ಕೋಟೆಯಲ್ಲಿ ಫಿರಂಗಿ ಗುಂಡಿಗೆ ಇಗ್ನೇಷಿಯಸ್ಸನ ಕಾಲು ಮುರಿಯಿತು. ಹಾಸಿಗೆ ಹಿಡಿದವನು ಸಂತರ ಚರಿತ್ರೆ ಓದಿ, ಎದ್ದ ಮೇಲೆ ಕತ್ತಿಯನ್ನು ದೇವಮಾತೆಯ ಮುಂದಿಟ್ಟು ಭಿಕ್ಷೆಗೆ ಹೊರಟ. 1534ರಲ್ಲಿ ಪ್ಯಾರಿಸಿನಲ್ಲಿ ಆರು ಗೆಳೆಯರೊಂದಿಗೆ ವ್ರತ ತೊಟ್ಟ. 1540ರಲ್ಲಿ ಪೋಪರು ಅವರ ಸಭೆಗೆ ಒಪ್ಪಿಗೆ ಕೊಟ್ಟರು. ಬಡತನ, ಬ್ರಹ್ಮಚರ್ಯ, ವಿಧೇಯತೆ ನನಗೆ ಬಾಯಿಪಾಠವಾಗಿತ್ತು. ಆದರೆ ನಾನು ಮಂಗಳೂರಿನವ. 1880ರಲ್ಲಿ ಶುರುವಾದ ಸಂತ ಅಲೋಶಿಯಸ್ ಕಾಲೇಜಿನ ಗುಡ್ಡ ನೋಡುತ್ತ ಬೆಳೆದವನಿಗೆ ಜೆಸ್ವಿತರೆಂದರೆ ದೊಡ್ಡ ಕಟ್ಟಡಗಳೇ. ಅವರ ಬಡತನ ಕಣ್ಣಿಗೆ ಬಿದ್ದದ್ದು ಕಡಿಮೆ.

ದಾರಿಯಲ್ಲಿ ಹಸಿವನ್ನು ಹೇಗೋ ತಡೆದುಕೊಂಡೆವು. ಕೇಳುವುದಕ್ಕೆ ಬಾಯಿ ಬರುತ್ತಿರಲಿಲ್ಲ. "ಮೈ ಗಟ್ಟಿ ಅದ, ದುಡದು ತಿನ್ಲಾಕ ಏನಾಗ್ಯಾದ ನಿಮಗ?" ಎಂದು ಹಿರಿಯರೊಬ್ಬರು ಗದರಿದರು. ಅದು ನ್ಯಾಯವಾದ ಮಾತೇ. ಇನ್ನೊಂದೂರಲ್ಲಿ ಕಳ್ಳರೆಂದು ಚೀಲ ಬಿಚ್ಚಿಸಿದರು. ಒಂದು ಜೊತೆ ಬಟ್ಟೆ, ಟವೆಲ್ಲು, ಹೊಸ ಒಡಂಬಡಿಕೆ. ಆ ರಾತ್ರಿ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ನನಗೆ ಜ್ವರ ಏರಿತು. ಜೊತೆಗಾರ ಟವೆಲ್ಲು ಒದ್ದೆ ಮಾಡಿ ಮಾಡಿ ಹಣೆಗೆ ಹಾಕುತ್ತ ಕೂತಿದ್ದ.

ಹುಮನಾಬಾದ್ ದಾಟಿ ಮಾಣಿಕನಗರ ಮುಟ್ಟಿದಾಗ ನಾವು ಕೇಳುವ ಮೊದಲೇ ಒಬ್ಬರು ಕರೆದರು: "ಊಟಾ ಆಗ್ಯಾದೇನ್ರಿ?" ಮಾಣಿಕಪ್ರಭುಗಳು (1817–1865) ಯಾವ ಮತವೂ ಕೀಳಲ್ಲವೆಂದು ಸಕಲಮತ ಸಂಪ್ರದಾಯ ಕಟ್ಟಿದ ಜಾಗ ಅದು, ನಿಜಾಮರ ಸೀಮೆಯ ಮುಸಲ್ಮಾನರೂ ಅವರಿಗೆ ನಡೆದುಕೊಳ್ಳುತ್ತಿದ್ದರು. ಪಂಕ್ತಿಯಲ್ಲಿ ಕೂತೆವು. ಮನಸ್ಸು ತಡೆಯದೆ "ನಾವು ಕ್ರೈಸ್ತರು" ಎಂದೆ. ಬಡಿಸುತ್ತಿದ್ದವರು ಸೌಟು ಎತ್ತಿ, "ಇನ್ನಾ ಸ್ವಲ್ಪ ಸಾರು ಹಾಕ್ಲೇನ್ರಿ?" ಎಂದರು. ಊಟವಾದ ಮೇಲೆ ಅವರೇ ಜೊತೆಗಾರನ ಹಿಮ್ಮಡಿ ತೊಳೆಸಿ, ಅರಿಶಿನ ಒತ್ತಿ, ಹಳೆ ಧೋತರದ ಚೂರು ಕಟ್ಟಿದರು.

ಮರುದಿನ ಬಸವಕಲ್ಯಾಣದ ದಾರಿ ಹಿಡಿದೆವು. ಕೇಳುವ ಸರದಿ ನನ್ನದಿತ್ತು. ಮೊದಲ ಚಹಾದಂಗಡಿಯಲ್ಲಿ ಇಲ್ಲ ಅಂದರು. ಎರಡನೆಯದರಲ್ಲಿ ಇಬ್ಬರಿಗೂ ಸೇರಿ ಒಂದು ಕಪ್ಪು ಕೊಟ್ಟರು.