ಪೂರ್ವಾಭಾದ್ರದ ಪಕ್ಕದ ಚುಕ್ಕಿ

ಅರ್ಚಕರು ಬಾಯಿ ತೆರೆಯುವ ಮೊದಲೇ ಗೋತ್ರ, ನಕ್ಷತ್ರ, ರಾಶಿ ಒಪ್ಪಿಸುವವರಿಗೆ ನಮ್ಮಲ್ಲಿ ಕೊರತೆಯಿಲ್ಲ. ‘ಸರಿ, ಆ ನಕ್ಷತ್ರ ಆಕಾಶದಲ್ಲಿ ಎಲ್ಲಿದೆ?’ ಎಂದು ಕೇಳಿದರೆ ಮಾತ್ರ ಬೆರಳು ಪಂಚಾಂಗದ ಕಡೆ ಹೋಗುತ್ತದೆ. ನಮ್ಮ ಅತ್ತೆಯವರದು ಪೂರ್ವಾಭಾದ್ರ. ಅದನ್ನು ಅವರಿಗೆ ತೋರಿಸಲು ಹೋಗಿ ನನಗೆ ಅಂಟಿದ ಚಟ ಇದು: ತಾರಸಿಯ ಮೇಲೆ ಚಾಪೆ ಹಾಸಿ, ಅಂಗಾತ ಮಲಗಿ, ಅಂಥದ್ದೇನೂ ಹೊಳೆಯದ ಒಂದು ಚುಕ್ಕಿಯನ್ನು ಹುಡುಕುವುದು.

ಪೂರ್ವಾಭಾದ್ರವೆಂದರೆ ಎರಡು ನಕ್ಷತ್ರ, ಉತ್ತರಾಭಾದ್ರವೆಂದರೆ ಇನ್ನೆರಡು. ನಾಲ್ಕೂ ಸೇರಿ ಬಾನಿನಲ್ಲಿ ದೊಡ್ಡದೊಂದು ಚೌಕ. ಭಾದ್ರಪದದ ಹುಣ್ಣಿಮೆ ಚಂದ್ರ ಇದರ ಆಸುಪಾಸಿನಲ್ಲೇ ಬಂದು ನಿಲ್ಲುವುದರಿಂದ ಆ ದಿನಗಳಲ್ಲಿ ಸಣ್ಣ ಚುಕ್ಕಿಗಳೆಲ್ಲ ಬೆಳಕಿನಲ್ಲಿ ಮುಳುಗಿಹೋಗುತ್ತವೆ. ಪಕ್ಷ ಕಳೆದು ಮಹಾಲಯ ಅಮಾವಾಸ್ಯೆ ಬರಲಿ, ಮಳೆಯೂ ತುಸು ಕರುಣೆ ತೋರಲಿ. ಆಗ ರಾತ್ರಿ ಹತ್ತರ ಸುಮಾರಿಗೆ ಚೌಕ ನೆತ್ತಿಗೆ ಏರಿರುತ್ತದೆ. ಊರಿಗೆಲ್ಲ ಅಶುಭವಾದ ಅಮಾವಾಸ್ಯೆ ನಮ್ಮ ಪಂಗಡಕ್ಕೆ ಹಬ್ಬ.

ಚೌಕದ ಪಶ್ಚಿಮದ ಅಂಚಿನಲ್ಲಿರುವ ಜೋಡಿಯೇ ಪೂರ್ವಾಭಾದ್ರ. ದಕ್ಷಿಣದ್ದು ಮರ್ಕಬ್, ಉತ್ತರದ್ದು ಶಿಯಾಟ್. ಮರ್ಕಬ್‌ನಿಂದ ಬೈನಾಕ್ಯುಲರನ್ನು ನಿಧಾನವಾಗಿ ಉತ್ತರಕ್ಕೆ ಸರಿಸಬೇಕು. ಅರ್ಧ ದಾರಿ ಮುಟ್ಟುವ ಮೊದಲೇ, ಗೆರೆಯಿಂದ ಕೊಂಚ ಪಶ್ಚಿಮಕ್ಕೆ, ಚೌಕದ ಹೊರಗೆ ಕಾಣುವ ಮಂಕು ಚುಕ್ಕಿ ನನ್ನದು: 51 ಪೆಗಾಸಿ. ಇದೇ ಇರಬೇಕು ಅನಿಸಿದ ಮೇಲೆ ಅಕ್ಕಪಕ್ಕದ ಇನ್ನೂ ಮಂಕು ಚುಕ್ಕಿಗಳನ್ನು ಒಂದೊಂದಾಗಿ ನಕಾಶೆಗೆ ತಾಳೆ ಹಾಕುವುದಿದೆಯಲ್ಲ, ಆ ಹತ್ತು ನಿಮಿಷದ ಸುಖಕ್ಕಾಗಿ ಎಷ್ಟು ಸೊಳ್ಳೆ ಕಡಿದರೂ ಅಡ್ಡಿಯಿಲ್ಲ. ದೀಪಗಳಿಲ್ಲದ ಹಳ್ಳಿಯಲ್ಲಾದರೆ ಬರಿಗಣ್ಣಿಗೂ ಸಿಕ್ಕೀತು. ಆದರೆ ಅರ್ಧ ಗಂಟೆ ಕಣ್ಣು ಕತ್ತಲೆಗೆ ಪಳಗಬೇಕು; ಮೊಬೈಲ್ ಮುಟ್ಟಿದರೆ ತಪಸ್ಸು ಭಂಗ. ನೆಟ್ಟ ನೋಟಕ್ಕೆ ಮಾಯವಾಗುವ ಚುಕ್ಕಿ ಓರೆಗಣ್ಣಿಗೆ ಸಿಗುತ್ತದೆ. ಕತ್ತಲಲ್ಲಿ ಕೆಲಸ ಮಾಡುವ ಕೋಶಗಳು ಅಕ್ಷಿಪಟದ ನಟ್ಟನಡುವೆ ಇಲ್ಲ, ಸುತ್ತಲೂ ಇವೆ. ಓರೆಗಣ್ಣಿನಲ್ಲಿ ನೋಡಿದ್ದಕ್ಕೆ ಯಾರೂ ಬೈಯದ ಹವ್ಯಾಸ ಇದೊಂದೇ ಇರಬೇಕು.

‘ಇಷ್ಟೇನಾ?’ ಎಂದರು ಅತ್ತೆ. ಕಣ್ಣಿಗೆ ಇಷ್ಟೇ. ಸೂರ್ಯನಂಥ ನಕ್ಷತ್ರ, ಸುಮಾರು 50 ಜ್ಯೋತಿರ್ವರ್ಷ ದೂರ. ಆದರೆ ಅದಕ್ಕೊಂದು ಸಂಸಾರವಿದೆ. ಸೂರ್ಯನಂಥ ನಕ್ಷತ್ರವನ್ನು ಸುತ್ತುವ ಗ್ರಹವೊಂದು ಖಚಿತವಾಗಿ ಪತ್ತೆಯಾದದ್ದು ಮೊದಲು ಇಲ್ಲಿಯೇ. ಫ್ರಾನ್ಸಿನ ಓಟ್-ಪ್ರೊವಾನ್ಸ್ ವೀಕ್ಷಣಾಲಯದಲ್ಲಿ ಕೂತು ಅದನ್ನು ಹಿಡಿದವರು ಸ್ವಿಟ್ಜರ್ಲೆಂಡಿನ ಮಿಶೆಲ್ ಮೇಯರ್ ಮತ್ತು ಅವರ ಶಿಷ್ಯ ಡಿಡಿಯೆ ಕೆಲೋ. ಲೋಕಕ್ಕೆ ಸಾರಿದ್ದು 1995ರ ಅಕ್ಟೋಬರಿನಲ್ಲಿ. 2019ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಅವರೂ ಗ್ರಹವನ್ನು ಕಣ್ಣಾರೆ ಕಂಡವರಲ್ಲ. ಗ್ರಹವೊಂದೇ ಸುತ್ತುವುದಿಲ್ಲ; ಅದರ ಸೆಳೆತಕ್ಕೆ ನಕ್ಷತ್ರವೂ ಚೂರು ಓಲಾಡುತ್ತದೆ. ನಮ್ಮ ಕಡೆ ಬರುವಾಗ ಬೆಳಕು ಒಂದಿಷ್ಟು ನೀಲಿಯತ್ತ, ದೂರ ಸರಿಯುವಾಗ ಕೆಂಪಿನತ್ತ ಜಾರುತ್ತದೆ. 51 ಪೆಗಾಸಿಯ ಓಲಾಟದ ವೇಗ ಸೆಕೆಂಡಿಗೆ ಸುಮಾರು 56 ಮೀಟರ್. ಬೆಳಕಿನಲ್ಲಿ ಅದು ಮೂಡಿಸುವ ವ್ಯತ್ಯಾಸ 50 ಲಕ್ಷದಲ್ಲಿ ಒಂದು ಪಾಲು. ಅದನ್ನು ಅಳೆದರು.

ಅಳೆದದ್ದನ್ನು ನಂಬುವುದು ಇನ್ನೂ ಕಷ್ಟವಾಯಿತು. ಗುರುವಿನ ಅರ್ಧದಷ್ಟಾದರೂ ತೂಗುವ ಆ ಗ್ರಹ ತನ್ನ ನಕ್ಷತ್ರವನ್ನು ಸುತ್ತಿ ಬರುವುದು ಬರೀ 4.23 ದಿನಗಳಲ್ಲಿ. ಸೋಮವಾರ ಯುಗಾದಿ ಆಚರಿಸಿದವರಿಗೆ ಶುಕ್ರವಾರ ಮತ್ತೆ ಬೇವು-ಬೆಲ್ಲ! ಬುಧ ಸೂರ್ಯನಿಂದ ಇರುವ ದೂರದ ಏಳನೇ ಒಂದು ಭಾಗದಷ್ಟು ಹತ್ತಿರದಲ್ಲಿ, ಸಾವಿರ ಡಿಗ್ರಿಯ ಆಸುಪಾಸಿನ ಕಾವಿನಲ್ಲಿ ಅದರ ವಾಸ. ದೈತ್ಯ ಗ್ರಹಗಳು ನಕ್ಷತ್ರದಿಂದ ದೂರದ ತಂಪಿನಲ್ಲೇ ಇರಬೇಕು, ಒಂದು ಸುತ್ತಿಗೆ ವರ್ಷಗಟ್ಟಲೆ ಹಿಡಿಯಬೇಕು ಎಂಬುದು ಅಲ್ಲಿಯವರೆಗಿನ ಪಾಠ. ಗುರುವಿನಂಥ ಗ್ರಹ ನಕ್ಷತ್ರಕ್ಕೆ ತೀರ ಸಮೀಪವೂ ಇರಬಹುದು, ಹುಡುಕಿ ನೋಡಿ ಎಂದು ಖಗೋಳ ವಿಜ್ಞಾನಿ ಆಟೊ ಸ್ಟ್ರೂವ 1952ರಲ್ಲೇ ಬರೆದಿದ್ದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಾಲ್ಕು ದಿನಕ್ಕೊಮ್ಮೆ ಹಾಜರಿ ಹಾಕುವವನನ್ನು ಹತ್ತು ವರ್ಷಕ್ಕೊಮ್ಮೆ ಬರುವವರ ಪಟ್ಟಿಯಲ್ಲಿ ಹುಡುಕಿದರೆ ಸಿಗುವುದಾದರೂ ಹೇಗೆ? ಇಂಥ ಗ್ರಹ ದೂರದಲ್ಲಿ ಹುಟ್ಟಿ ಆಮೇಲೆ ಒಳಕ್ಕೆ ಸರಿದಿರಬೇಕು ಎಂಬುದು ಈಗಿನ ವಿವರಣೆ.

ಅಂದಿನಿಂದ ಪತ್ತೆಯಾದ ಪರಗ್ರಹಗಳು ಐದು ಸಾವಿರ ದಾಟಿವೆ. ನನ್ನ ರುಚಿಯೂ ಕೆಟ್ಟಿದೆ, ಅಥವಾ ನೆಟ್ಟಗಾಗಿದೆ: ಥಳಥಳಿಸುವ ತಾರೆಗಳನ್ನು ಬಿಟ್ಟು ಮಂಕು ಚುಕ್ಕಿಗಳ ಬೆನ್ನು ಹತ್ತಿದ್ದೇನೆ. ಆ 50 ಜ್ಯೋತಿರ್ವರ್ಷ ದೂರದಿಂದ ನೋಡಿದರೆ ನಮ್ಮ ಸೂರ್ಯನೇನು ಮಹಾ? 51 ಪೆಗಾಸಿಗಿಂತ ಇನ್ನೂ ಒಂದು ಗುಲಗಂಜಿ ಮಂಕೇ.

ಈ ಲೆಕ್ಕವನ್ನು ಅತ್ತೆಗೆ ಹೇಳಿದೆ. ಅಲ್ಲಿಂದ ಯಾರಾದರೂ ನಮ್ಮ ಸೂರ್ಯನ ಓಲಾಟ ಅಳೆದರೆ ಗುರುವಿನಿಂದಾಗುವುದು ಸೆಕೆಂಡಿಗೆ 12 ಮೀಟರಿನಷ್ಟು, ಭೂಮಿಯದು 9 ಸೆಂಟಿಮೀಟರ್. ಗುರುವಿನ ಒಂದು ಸುತ್ತು ಪೂರ್ತಿ ನೋಡಬೇಕಾದರೆ ಸುಮಾರು ಹನ್ನೆರಡು ವರ್ಷ ಬಿಡದೆ ಕಾಯಬೇಕು.

‘ಅದರಲ್ಲೇನೇ ಹೊಸದು?’ ಎಂದು ಅತ್ತೆ ಎದ್ದು ಕೂತರು. ‘ಗುರು ಮಕರಕ್ಕೆ ಬಂದರೆ ತುಂಗಭದ್ರೆಗೆ ಪುಷ್ಕರ. ಹನ್ನೆರಡು ವರ್ಷ ಕಾದೇ ಅಲ್ಲವೇನೇ ನಾವು ಹೊಳೆಗೆ ಹೋಗೋದು?’

ಚಾಪೆಯಲ್ಲಿ ನಾನು ಸ್ವಲ್ಪ ಸರಿದು ಜಾಗ ಬಿಟ್ಟೆ. ಈಗ ಬೈನಾಕ್ಯುಲರಿಗೆ ಸರದಿ.